ಮೊಸರು ಹೆಪ್ಪಾಗದ ಮನೆ: ಬ್ರಿಟನ್ನಿನ ಕನ್ನಡಿಗರಿಗೊಂದು ಬಹಿರಂಗ ಪತ್ರ

ಲೆಸ್ಟರ್
ಅಕ್ಟೋಬರ್ 24, 2025

ಬ್ರಿಟನ್ನಿನ ಎಲ್ಲ ಕನ್ನಡ ಸಂಘಗಳ ಪದಾಧಿಕಾರಿಗಳಿಗೆ, ಇಲ್ಲಿ ಮನೆ ಮಾಡಿಕೊಂಡಿರುವ ಎಲ್ಲ ಕನ್ನಡಿಗರಿಗೆ,

ನಮಸ್ಕಾರ.

ದೀಪಾವಳಿ ಮುಗಿಯಿತು. ನಾಡಿದ್ದು ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆಮೇಲೆ ಸಂಜೆ ಐದಕ್ಕೆಲ್ಲ ಕತ್ತಲೆ. ಮುಂದಿನ ಶನಿವಾರ ನವೆಂಬರ್ 1. ಈ ಸಲ ರಾಜ್ಯೋತ್ಸವ ಶನಿವಾರವೇ ಬಂದಿರುವುದರಿಂದ ಎಷ್ಟೋ ಊರುಗಳಲ್ಲಿ ಅವತ್ತೇ ಕಾರ್ಯಕ್ರಮ. ಬಾವುಟ ತೆಗೆದು ಇಸ್ತ್ರಿ ಮಾಡುತ್ತಿರುತ್ತೀರಿ, ಮಕ್ಕಳಿಗೆ ನಾಡಗೀತೆ ಅಭ್ಯಾಸ ಮಾಡಿಸುತ್ತಿರುತ್ತೀರಿ. ಕೆಲಸದ ಮಧ್ಯೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ ಅಂತ ಕೇಳಿಕೊಳ್ಳುತ್ತೇನೆ.

ಸ್ಕಾಟ್ಲೆಂಡ್ ಬಿಟ್ಟು ಈ ದೇಶದಲ್ಲಿ ನವೆಂಬರ್ 1ರಿಂದ ಇನ್ನೊಂದು ಲೆಕ್ಕವೂ ಶುರುವಾಗುತ್ತದೆ. ಅದರ ಹೆಸರು ಕೋಲ್ಡ್ ವೆದರ್ ಪೇಮೆಂಟ್. ಅವತ್ತಿನಿಂದ ಮಾರ್ಚ್ 31ರವರೆಗೆ, ನಿಮ್ಮ ಏರಿಯಾದಲ್ಲಿ ಸತತ ಏಳು ದಿನ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಗೋ ಅದಕ್ಕೂ ಕೆಳಗೋ ಇದ್ದರೆ, ಪೆನ್ಷನ್ ಕ್ರೆಡಿಟ್‌ನಂಥ (ಆದಾಯ ಕಡಿಮೆ ಇರುವ ಹಿರಿಯರಿಗೆ ಸರ್ಕಾರ ತುಂಬಿಕೊಡುವ ಹಣ) ಕೆಲವು ನೆರವು ಪಡೆಯುವವರ ಖಾತೆಗೆ 25 ಪೌಂಡ್ ಬರುತ್ತದೆ. ಅರ್ಜಿ ಹಾಕಬೇಕಾಗಿಲ್ಲ, ತಾನಾಗಿಯೇ ಬರುತ್ತದೆ. ಆದರೆ ಆ ಪೆನ್ಷನ್ ಕ್ರೆಡಿಟ್‌ಗೆ ಮೊದಲು ಯಾರಾದರೂ ಅರ್ಜಿ ಹಾಕಿರಬೇಕಲ್ಲ. ನಾನು ಬರೆಯಲು ಕೂತಿರುವುದು ಆ ಅರ್ಜಿಯ ಬಗ್ಗೆ, ಅದನ್ನು ಹಾಕದೆ ಚಳಿಯಲ್ಲಿ ಕೂತಿರುವ ನಮ್ಮವರ ಬಗ್ಗೆ.

ಇದೇ ಜನವರಿಯ ಸಂಕ್ರಾಂತಿ ದಿನ ಎಳ್ಳುಬೆಲ್ಲ ತಗೊಂಡು ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ಅವರಿಗೆ 82 ವರ್ಷ. ಹೆಸರು ಬೇಡ, ಅವರಿಗೆ ಇಷ್ಟವಾಗುವುದಿಲ್ಲ. ಯಜಮಾನರು ಇಲ್ಲಿಯ ಹೋಸಿಯರಿ ಕಾರ್ಖಾನೆಯಲ್ಲಿ ಇದ್ದವರು, ತೀರಿಕೊಂಡು ಹನ್ನೊಂದು ವರ್ಷವಾಯಿತು. ಕೆಂಪು ಇಟ್ಟಿಗೆಯ ಸಾಲುಮನೆ, ಸ್ವಂತದ್ದು. ಬಾಗಿಲು ತೆಗೆದಾಗ ಅವರು ದಪ್ಪ ಕೋಟು ಹಾಕಿಕೊಂಡಿದ್ದರು.

"ಎಲ್ಲಿಗಾದ್ರೂ ಹೊರಟಿದ್ರಾ ಅಮ್ಮ?" ಅಂದೆ.

"ಇಲ್ಲ ಕಣಮ್ಮ, ಒಳಗೆ ಬಾ" ಅಂದರು. ಕೋಟು ತೆಗೆಯಲಿಲ್ಲ.

ಅಡುಗೆಮನೆಗೆ ಹೋದೆವು. ಒಲೆಯ ಕೆಳಗಿನ ಓವನ್ ತೆಗೆದು ಟವೆಲ್ ಸುತ್ತಿದ ಒಂದು ಸ್ಟೀಲ್ ಡಬ್ಬಿ ಹೊರಗಿಟ್ಟರು. ಓವನ್ ಹಚ್ಚಿರಲಿಲ್ಲ. ಗಾಳಿಯಾಡದ ಜಾಗ ಅಂತ ಅಲ್ಲಿಟ್ಟಿದ್ದರು ಅಷ್ಟೆ. "ನಿನ್ನೆ ಬೆಳಿಗ್ಗೆ ಹೆಪ್ಪು ಹಾಕಿದ್ದು. ಇನ್ನೂ ಆಗೇ ಇಲ್ಲ ನೋಡು" ಅಂದರು. ಡಬ್ಬಿ ವಾಲಿಸಿದರೆ ಹಾಲು ಹಾಲಾಗಿಯೇ ಅತ್ತಿಂದಿತ್ತ ಹರಿಯಿತು. ಒಂದೂವರೆ ದಿನ ಆಗಿತ್ತು. ಆಮೇಲೆ ಅವರೇ ಹೇಳಿದರು: "ದಿನಾ ರಾತ್ರಿ ಹಾಸಿಗೇಲಿ ಪಕ್ಕದಲ್ಲೇ ಇಟ್ಕೊಂಡು ಮಲಗ್ತೀನಿ. ಆಗ ಆಗುತ್ತೆ. ನಿನ್ನೆ ಮರೆತುಬಿಟ್ಟೆ."

ಹಾಲ್‌ನಲ್ಲಿದ್ದ ಥರ್ಮೋಸ್ಟಾಟ್ ನೋಡಿದೆ. 11 ಡಿಗ್ರಿ ತೋರಿಸುತ್ತಿತ್ತು.

ನಮ್ಮ ಹೆಂಗಸರಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಿಲ್ಲ. ಮೊಸರು ಆಗದ, ದೋಸೆ ಹಿಟ್ಟು ಎರಡು ದಿನ ಕಳೆದರೂ ಉಬ್ಬದ ಮನೆ ಎಂದರೆ ಅದು ಎಂಥ ಚಳಿ ಅಂತ ನಿಮಗೆ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕು ಎನ್ನುತ್ತದೆ. ಅದಕ್ಕಿಂತ ಕೆಳಗೆ ಬಹಳ ಹೊತ್ತು ಕೂತರೆ ವಯಸ್ಸಾದವರಿಗೆ ರಕ್ತದ ಒತ್ತಡ ಏರುತ್ತದೆ. ಹೃದಯಕ್ಕೆ, ಶ್ವಾಸಕೋಶಕ್ಕೆ ತೊಂದರೆ. ಕೈಕಾಲು ಮರಗಟ್ಟಿ ಮೆಟ್ಟಿಲ ಮೇಲೆ ಬಿದ್ದರೆ ಅದು ಬೇರೆ ಕಥೆ.

ಅವರ ಮಗ ಅಮೆರಿಕದಲ್ಲಿದ್ದಾನೆ. ಒಳ್ಳೆಯ ಹುಡುಗ. ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಾನೆ. ಅವನ ಫೋನ್ ಬರುವ ಅರ್ಧ ಗಂಟೆ ಮೊದಲು ಅಮ್ಮ ಪ್ಲಗ್ ಹೀಟರ್ ಹಾಕುತ್ತಾರಂತೆ, ಕೋಟು ತೆಗೆದಿಟ್ಟು ಸೀರೆ ಮೇಲೊಂದು ಸ್ವೆಟರ್ ಹಾಕಿಕೊಂಡು ಕೂರಲು. ಮಾತು ಮುಗಿದ ತಕ್ಷಣ ಹೀಟರ್ ಬಂದ್. "ಅವನಿಗೆ ಯಾಕೆ ಸುಮ್ನೆ ಚಿಂತೆ" ಅಂದರು. ನಾನು ಎಳ್ಳುಬೆಲ್ಲದ ಪೊಟ್ಟಣ ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಇನ್ನು ದುಡ್ಡಿನ ಕಥೆ. ಚಳಿಗಾಲಕ್ಕೆಂದು ಹಿರಿಯರಿಗೆ ಕೊಡುವ ವಿಂಟರ್ ಫ್ಯೂಯಲ್ ಪೇಮೆಂಟ್ 1997ರಲ್ಲಿ ಶುರುವಾಯಿತು. ಪಿಂಚಣಿ ವಯಸ್ಸಾದ ಎಲ್ಲರಿಗೂ ಬರುತ್ತಿತ್ತು. ಮನೆಗೆ 200 ಪೌಂಡ್, 80 ದಾಟಿದವರಿದ್ದರೆ 300. ಜುಲೈ 2024ರಲ್ಲಿ ಹಣಕಾಸು ಮಂತ್ರಿ ರೇಚೆಲ್ ರೀವ್ಸ್ ಅದನ್ನು ಪೆನ್ಷನ್ ಕ್ರೆಡಿಟ್‌ನಂಥ ನೆರವು ಪಡೆಯುವವರಿಗೆ ಮಾತ್ರ ಅಂತ ಮಾಡಿದರು. ಸುಮಾರು ಒಂದು ಕೋಟಿ ಜನರಿಗೆ ನಿಂತುಹೋಯಿತು. ಗದ್ದಲ ಜಾಸ್ತಿಯಾಗಿ ಈ ಜೂನ್‌ನಲ್ಲಿ ಸರ್ಕಾರ ಹಿಂದೆ ಸರಿಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷಕ್ಕೆ 35,000 ಪೌಂಡ್‌ವರೆಗೆ ಆದಾಯ ಇರುವ ಹಿರಿಯರಿಗೆ ಈ ಚಳಿಗಾಲದಿಂದ ಮತ್ತೆ ಸಿಗುತ್ತದೆ. ಸ್ಕಾಟ್ಲೆಂಡ್‌ನಲ್ಲಿ ಹೆಸರು, ನಿಯಮ ಬೇರೆ. ಆದರೆ ನಡುವಿನ ಒಂದು ಚಳಿಗಾಲ ಹೋಯಿತಲ್ಲ, ಆ ಚಳಿಗಾಲದಲ್ಲೇ ನಾನು ಈ ಅಮ್ಮನ ಮನೆಗೆ ಹೋದದ್ದು.

"ಸರ್ಕಾರ ನಿಲ್ಸಿಬಿಡ್ತು. ನಾನೇನು ಮಾಡ್ಲಿ" ಅಂದರು.

ನಾನು ವಾರದಲ್ಲಿ ಎರಡು ದಿನ ಒಂದು ಲೈಬ್ರರಿಯಲ್ಲಿ ಕೂತು ಜನರಿಗೆ ಫಾರ್ಮ್ ತುಂಬಿಕೊಡುತ್ತೇನೆ. ಕೆಲಸದಿಂದ ನಿವೃತ್ತಿಯಾದ ಮೇಲೆ ಹಿಡಿದ ಅಭ್ಯಾಸ. ಅವರ ಪಾಸ್‌ಬುಕ್ ತೆಗೆಸಿ ನೋಡಿದೆ. ಹಳೆಯ ಕಾಲದ ಬೇಸಿಕ್ ಸ್ಟೇಟ್ ಪೆನ್ಷನ್, ಜೊತೆಗೆ ಯಜಮಾನರ ಕಾರ್ಖಾನೆಯದು ಚಿಲ್ಲರೆ. ಉಳಿತಾಯ ಅಂತ ಇದ್ದದ್ದು ನಾಲ್ಕು ಸಾವಿರ ಚಿಲ್ಲರೆ, ಅದೂ ತಮ್ಮ ಅಂತ್ಯಕ್ರಿಯೆಗೆ ಅಂತ ಎತ್ತಿಟ್ಟದ್ದು. ಆಗ ಒಬ್ಬರೇ ಇರುವವರಿಗೆ ಪೆನ್ಷನ್ ಕ್ರೆಡಿಟ್ ಗೆರೆ ವಾರಕ್ಕೆ 218.15 ಪೌಂಡ್ ಇತ್ತು. ಅವರ ಆದಾಯ ಅದಕ್ಕಿಂತ ಸುಮಾರು ಇಪ್ಪತ್ತೈದು ಪೌಂಡ್ ಕಡಿಮೆ. ಅಂದರೆ ಆ ಇಪ್ಪತ್ತೈದು ಅವರಿಗೆ ಸಿಗಬೇಕಾದದ್ದೇ, ಎಷ್ಟೋ ವರ್ಷದಿಂದ. ಯಾರೂ ಹೇಳಿರಲಿಲ್ಲ. ಸ್ವಂತ ಮನೆ ಇದೆಯಲ್ಲ, ನಮಗೆಲ್ಲ ಯಾರು ಕೊಡ್ತಾರೆ ಅಂತ ಅವರೂ ಕೇಳಿರಲಿಲ್ಲ. ನಿಜ ಏನೆಂದರೆ, ನೀವು ವಾಸವಿರುವ ಮನೆಯ ಬೆಲೆಯನ್ನು ಇದಕ್ಕೆ ಲೆಕ್ಕ ಹಾಕುವುದೇ ಇಲ್ಲ. ಹತ್ತು ಸಾವಿರ ಪೌಂಡ್‌ವರೆಗಿನ ಉಳಿತಾಯವನ್ನೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಅವತ್ತೇ ಫೋನ್‌ನಲ್ಲಿ ಅರ್ಜಿ ಹಾಕಿದೆವು. ಮುಕ್ಕಾಲು ಗಂಟೆ ಹಿಡಿಯಿತು. ಪೆನ್ಷನ್ ಕ್ರೆಡಿಟ್ ಮೂರು ತಿಂಗಳು ಹಿಂದಿನಿಂದ ಕೊಡಲು ಬರುತ್ತದೆ. ಆದರೆ ಆ ಸಲದ ವಿಂಟರ್ ಫ್ಯೂಯಲ್ ಪೇಮೆಂಟ್ ಸಿಗಬೇಕಾದರೆ ಡಿಸೆಂಬರ್ 21ರೊಳಗೆ ಅರ್ಜಿ ಹಾಕಿರಬೇಕಿತ್ತು. ನಾವು ಹಾಕಿದ್ದು ಜನವರಿ 14ಕ್ಕೆ. ಮೂರೂವರೆ ವಾರ ತಡ. 300 ಪೌಂಡ್ ಹೋಯಿತು.

ದೀಪಾವಳಿಗೆ ಅವರ ಮನೆಗೆ ಹೋಗಿ ಬಂದವಳು ನಾನು ಮತ್ತೆ ಹೋದದ್ದು ಸಂಕ್ರಾಂತಿಗೇ. ನಡುವೆ ಒಂದೇ ಒಂದು ಸಲ ಹೋಗಿದ್ದರೆ ಸಾಕಿತ್ತು. ಇದು ನನ್ನನ್ನು ಇನ್ನೂ ಬಿಟ್ಟಿಲ್ಲ. ಈ ಪತ್ರ ಬರೆಯಲು ಅದೇ ಕಾರಣ.

2024ರಲ್ಲಿ ಸರ್ಕಾರವೇ ಕೊಟ್ಟ ಅಂದಾಜಿನ ಪ್ರಕಾರ, ಪೆನ್ಷನ್ ಕ್ರೆಡಿಟ್‌ಗೆ ಅರ್ಹರಿದ್ದೂ ಕೇಳದಿರುವ ಮನೆಗಳು ಏಳು ಲಕ್ಷಕ್ಕೂ ಜಾಸ್ತಿ. ಅದರಲ್ಲಿ ನಮ್ಮವರು ಎಷ್ಟು ಅಂತ ಯಾರೂ ಎಣಿಸಿಲ್ಲ. ನಾವು ಡಾಕ್ಟರು, ಎಂಜಿನಿಯರುಗಳ ಸಮುದಾಯ ಅಂತ ನಾವೇ ಅಂದುಕೊಂಡಿದ್ದೇವೆ. ಸಂಘದ ಫೋಟೋಗಳಲ್ಲಿ ರೇಷ್ಮೆ ಸೀರೆ, ಮೈಸೂರು ಪೇಟ. ಅದು ಸುಳ್ಳಲ್ಲ. ಆದರೆ ಆ ಫೋಟೋದಲ್ಲಿ ಇಲ್ಲದವರೂ ಇದ್ದಾರೆ. ವಿಧವೆಯರು. ಚಿಕ್ಕ ಕೆಲಸಗಳಲ್ಲಿ ಜೀವ ತೇಯ್ದವರು. ಮಗ ಸೊಸೆ ಬೇರೆ ಊರಿಗೆ ಹೋದ ಮೇಲೆ ದೊಡ್ಡ ಮನೆಯ ಒಂದೇ ಕೋಣೆಯಲ್ಲಿ ಬದುಕುತ್ತಿರುವವರು. ಎರಡು ವರ್ಷದಿಂದ ಕಾರ್ಯಕ್ರಮಕ್ಕೆ ಬಂದಿಲ್ಲ ಅಂದರೆ ಮಂಡಿ ನೋವು ಅಂದುಕೊಳ್ಳುತ್ತೇವೆ. ಟಿಕೆಟ್ ದುಡ್ಡು ಇಲ್ಲದೆಯೂ ಇರಬಹುದು ಅಲ್ವಾ?

ನಾನು ಸಕಲೇಶಪುರದ ಕಡೆಯವಳು. ನಾನು ಚಿಕ್ಕವಳಿದ್ದಾಗ ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೆ ನಮ್ಮ ಒಲೆಯ ಬೂದಿಯಲ್ಲಿ ಕೆಂಡ ಉಳಿದಿರದಿದ್ದರೆ ಅಜ್ಜಿ ನನ್ನ ಕೈಗೆ ತೆಂಗಿನ ಚಿಪ್ಪು ಕೊಟ್ಟು ಪಕ್ಕದ ಮನೆಗೆ ಕಳಿಸುತ್ತಿದ್ದರು. ಚಿಪ್ಪಿನಲ್ಲಿ ಒಂದಿಷ್ಟು ಬೂದಿ, ಮೇಲೆ ಎರಡು ಕೆಂಡ. ಊದಿಕೊಂಡು ಓಡಿ ಬರುತ್ತಿದ್ದೆ. ಮಳೆಗಾಲದಲ್ಲಿ ಅವರ ಮನೆಯವರೇ ನಮ್ಮಲ್ಲಿಗೆ ಬರುತ್ತಿದ್ದರು. ಬೆಂಕಿ ಕೇಳಲು ಯಾರಿಗೂ ನಾಚಿಕೆ ಇರಲಿಲ್ಲ. ಕೊಟ್ಟವರು ದಾನ ಮಾಡಿದೆವು ಅಂದುಕೊಳ್ಳುತ್ತಿರಲಿಲ್ಲ. ಅದೇ ಊರುಗಳಿಂದ ಬಂದ ನಮಗೆ ಈಗ ಮನೆ ತಣ್ಣಗಿದೆ ಅಂತ ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ. "ಬೆನಿಫಿಟ್" ಅನ್ನುವ ಪದ ಕೇಳಿದರೇ ಹಿರಿಯರು ಕೈ ಮುಗಿದುಬಿಡುತ್ತಾರೆ. ಮೂವತ್ತು, ನಲವತ್ತು ವರ್ಷ ಇಲ್ಲಿ ತೆರಿಗೆ ಕಟ್ಟಿದವರು ಇವರು.

ಹಿರಿಯರಷ್ಟೇ ಅಲ್ಲ. ಇನ್ನೊಂದು ಮನೆಯ ವಿಷಯ ಹೇಳುತ್ತೇನೆ.

ಮಂಡ್ಯ ಕಡೆಯ ಗಂಡ ಹೆಂಡತಿ, 2023ರಲ್ಲಿ ಬಂದವರು. ಆಕೆ ಕೇರ್ ಹೋಮ್‌ನಲ್ಲಿ ಕೆಲಸ. ಇಲ್ಲಿಯ ಮುದುಕರಿಗೆ ಸ್ನಾನ ಮಾಡಿಸಿ, ಊಟ ಮಾಡಿಸಿ, ರಾತ್ರಿಯೆಲ್ಲ ಬೆಚ್ಚಗಿರುವಂತೆ ನೋಡಿಕೊಳ್ಳುವ ಕೆಲಸ. ಮನೆಯಲ್ಲಿ ಒಂದೂವರೆ ವರ್ಷದ ಮಗು. ಬಾಡಿಗೆ ಮನೆಗೆ ಪ್ರೀಪೇಮೆಂಟ್ ಮೀಟರ್. ಅಂಗಡಿಗೆ ಹೋಗಿ ಕಾರ್ಡ್‌ಗೆ ದುಡ್ಡು ತುಂಬಿಸಿಕೊಂಡು ಬಂದರೆ ಗ್ಯಾಸ್, ಇಲ್ಲದಿದ್ದರೆ ಇಲ್ಲ. ಬೇಸಿಗೆಯಲ್ಲಿ ಗ್ಯಾಸ್ ಹಚ್ಚದಿದ್ದರೂ ಸ್ಟ್ಯಾಂಡಿಂಗ್ ಚಾರ್ಜ್ ದಿನಾ ಏರುತ್ತಲೇ ಇರುತ್ತದೆ. ಈಗ ಗ್ಯಾಸಿಗೂ ಕರೆಂಟಿಗೂ ಸೇರಿ ಅದು ದಿನಕ್ಕೆ 80 ಪೆನ್ಸ್‌ಗೂ ಮೇಲೆ. ಹೋದ ವರ್ಷ ಅಕ್ಟೋಬರ್‌ನಲ್ಲಿ ಇವರು 20 ಪೌಂಡ್ ಹಾಕಿದರು. ಹಳೇ ಬಾಕಿ ಅಂತ ಮೀಟರ್ ಅದರಲ್ಲಿ ದೊಡ್ಡ ಪಾಲನ್ನು ನುಂಗಿತು. ಆಕೆಗೆ ಮೀಟರ್ ಕೆಟ್ಟಿದೆ ಅನ್ನಿಸಿತಂತೆ.

ಮಲಗುವ ಕೋಣೆಯ ಮೂಲೆಯಲ್ಲಿ, ಮಗುವಿನ ತೊಟ್ಟಿಲ ಹಿಂದೆ, ಗೋಡೆ ಕಪ್ಪಾಗಿತ್ತು. ಬೂಷ್ಟು. ಆಕೆ ವಾರಕ್ಕೊಮ್ಮೆ ಒರೆಸುತ್ತಿದ್ದಳು. ಕೆಲವೇ ದಿನಕ್ಕೆ ಮತ್ತೆ ಬರುತ್ತಿತ್ತು. ಮನೆ ಮಾಲೀಕರು "ನೀವು ಒಳಗೆ ಬಟ್ಟೆ ಒಣಗಿಸ್ತೀರಿ, ಅಡುಗೆ ಜಾಸ್ತಿ ಮಾಡ್ತೀರಿ, ಕಿಟಕಿ ತೆಗೀರಿ" ಅಂದರಂತೆ. ಜನವರಿಯಲ್ಲಿ, ಹೀಟಿಂಗ್ ಹಾಕಲು ದುಡ್ಡಿಲ್ಲದ ಮನೆಯಲ್ಲಿ, ಕಿಟಕಿ ತೆಗೆಯಬೇಕು. ಮಗುವಿಗೆ ಕೆಮ್ಮು ನಿಲ್ಲುತ್ತಿರಲಿಲ್ಲ.

ಆವಾಬ್ ಇಷಾಕ್ ಹೆಸರು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ರಾಚ್‌ಡೇಲ್‌ನ ಮಗು. ಸುಡಾನ್‌ನಿಂದ ಬಂದ ಕುಟುಂಬ. ಮನೆಯ ಬೂಷ್ಟಿನ ಬಗ್ಗೆ ಅಪ್ಪ ವರ್ಷಗಟ್ಟಲೆ ದೂರು ಕೊಟ್ಟರು. ಡಿಸೆಂಬರ್ 2020ರಲ್ಲಿ, ಎರಡು ವರ್ಷ ತುಂಬಿದ ಕೆಲವೇ ದಿನಕ್ಕೆ, ಮಗು ತೀರಿಕೊಂಡಿತು. ಬೂಷ್ಟಿನ ಗಾಳಿಯೇ ಕಾರಣ ಎಂದು 2022ರಲ್ಲಿ ವಿಚಾರಣೆ ಮಾಡಿದ ಕಾರೊನರ್, ಅಂದರೆ ಸಾವಿನ ಕಾರಣ ಪತ್ತೆ ಮಾಡುವ ಅಧಿಕಾರಿ, ಹೇಳಿದರು. ಅವರ ಬದುಕುವ ರೀತಿಯೇ ಕಾರಣ ಅಂತ ಊಹೆ ಮಾಡಿಕೊಂಡುಬಿಟ್ಟಿದ್ದೆವು ಅಂತ ಮನೆ ಕೊಟ್ಟ ಸಂಸ್ಥೆ ಆಮೇಲೆ ಒಪ್ಪಿಕೊಂಡಿತು. ಬೂಷ್ಟಿನಂಥ ಅಪಾಯವನ್ನು ಮನೆ ಕೊಟ್ಟವರು ಗಡುವಿನೊಳಗೆ ಸರಿಪಡಿಸಬೇಕು ಅನ್ನುವ, ಆ ಮಗುವಿನ ಹೆಸರಿನ ಕಾನೂನು ಇಂಗ್ಲೆಂಡ್‌ನಲ್ಲಿ ಬರುವ ಸೋಮವಾರ, ಅಕ್ಟೋಬರ್ 27ರಿಂದ ಜಾರಿಗೆ ಬರುತ್ತದೆ. ಸದ್ಯಕ್ಕೆ ಕೌನ್ಸಿಲ್ (ಊರಿನ ಸ್ಥಳೀಯ ಆಡಳಿತ) ಮತ್ತು ಹೌಸಿಂಗ್ ಅಸೋಸಿಯೇಷನ್ (ಲಾಭಕ್ಕಲ್ಲದೆ ಬಾಡಿಗೆ ಮನೆ ಕೊಡುವ ಸಂಸ್ಥೆ) ಮನೆಗಳಿಗೆ ಮಾತ್ರ. ನಮ್ಮ ಹುಡುಗರು ಇರುವುದು ಹೆಚ್ಚಾಗಿ ಖಾಸಗಿ ಬಾಡಿಗೆ ಮನೆಗಳಲ್ಲಿ.

ಆ ತಾಯಿಗೆ ನಾನು ಮೊದಲು ಕೇಳಿದ್ದು, "ಗ್ಯಾಸ್ ಕಂಪನಿಗೆ ಫೋನ್ ಮಾಡಿದ್ಯಾ?" ಅಂತ. ಅವಳು ಗಾಬರಿಯಾದಳು. "ಬೇಡ ಆಂಟಿ, ವೀಸಾಗೆ ತೊಂದ್ರೆ ಆಗುತ್ತೆ" ಅಂದಳು. ಅವರ ವೀಸಾದ ಮೇಲೆ "ಪಬ್ಲಿಕ್ ಫಂಡ್ಸ್ ಇಲ್ಲ" ಅನ್ನುವ ಷರತ್ತು ಇದೆ. ಅಂದರೆ ಯೂನಿವರ್ಸಲ್ ಕ್ರೆಡಿಟ್, ಚೈಲ್ಡ್ ಬೆನಿಫಿಟ್‌ನಂಥ ಸರ್ಕಾರಿ ನೆರವನ್ನು ಕೇಳುವಂತಿಲ್ಲ. ಇದು ನಿಜ. ಆದರೆ ಅವರು ಆ ಷರತ್ತನ್ನು "ಯಾರ ಹತ್ತಿರವೂ ಏನೂ ಕೇಳಬಾರದು" ಅಂತ ಓದಿಕೊಂಡಿದ್ದರು. ಭಯ ಹಾಗೆ ಓದಿಸುತ್ತದೆ.

ಆದ್ದರಿಂದ ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ, ಕೆಲಸದ ವೀಸಾದಲ್ಲಿ, ಸ್ಟೂಡೆಂಟ್ ವೀಸಾದಲ್ಲಿ ಇರುವ ಮಕ್ಕಳೇ, ದಯವಿಟ್ಟು ಓದಿ. ಗ್ಯಾಸ್ ಕಂಪನಿಗೆ ಫೋನ್ ಮಾಡಿ ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತೇನೆ ಅನ್ನುವುದು ಪಬ್ಲಿಕ್ ಫಂಡ್ ಅಲ್ಲ. ಚಿಕ್ಕ ಮಗು, ಕಾಯಿಲೆಯವರು ಇದ್ದರೆ ಕಂಪನಿಯ ಪ್ರಯಾರಿಟಿ ಸರ್ವಿಸಸ್ ರಿಜಿಸ್ಟರ್‌ನಲ್ಲಿ (ವಿಶೇಷ ಗಮನ ಬೇಕಾದ ಮನೆಗಳ ಪಟ್ಟಿ) ಹೆಸರು ಬರೆಸುವುದು ಪಬ್ಲಿಕ್ ಫಂಡ್ ಅಲ್ಲ, ಅದು ಬಿಟ್ಟಿ. ದತ್ತಿ ಸಂಸ್ಥೆಗಳು ಕೊಡುವ ಫ್ಯೂಯಲ್ ವೋಚರ್, ಫುಡ್ ಬ್ಯಾಂಕ್‌ನ ಚೀಲ, ಇವೂ ಅಲ್ಲ. ಮನೆ ಮಾಲೀಕರು ಬೂಷ್ಟಿಗೆ ಏನೂ ಮಾಡದಿದ್ದರೆ ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್‌ನವರನ್ನು ಕರೆಸಬಹುದು. ಬೂಷ್ಟು ಮಾತ್ರ ಅಲ್ಲ, ವಿಪರೀತ ಚಳಿಯೂ 2004ರ ವಸತಿ ಕಾನೂನಿನ ಕೆಳಗೆ ಬಾಡಿಗೆ ಮನೆಯ ಅಪಾಯಗಳ ಪಟ್ಟಿಯಲ್ಲಿದೆ. ಬೇರೆ ಯಾವುದಾದರೂ ನೆರವು ಕೇಳುವ ಮುಂಚೆ ಅನುಮಾನ ಇದ್ದರೆ ಬಿಟ್ಟಿ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗೆ ಹೋಗಿ ಕೇಳಿ. ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ.

ಆ ಹುಡುಗಿ ಕೊನೆಗೆ ಫೋನ್ ಮಾಡಿದಳು, ನಾನು ಪಕ್ಕದಲ್ಲಿ ಕೂತಿದ್ದೆ. ಬಾಕಿ ಕಡಿಯುವುದನ್ನು ವಾರಕ್ಕೆ ಇಷ್ಟೇ ಅಂತ ಇಳಿಸಿದರು. ಒಂದು ವೋಚರ್ ಕೊಡಿಸಿದೆವು. ಅವತ್ತು ಸಂಜೆ ರೇಡಿಯೇಟರ್ ಬಿಸಿಯಾದಾಗ ಮಗು ಅದರ ಮೇಲೆ ಕೈ ಇಟ್ಟು, ತೆಗೆದು, ಮತ್ತೆ ಇಟ್ಟು ಆಡುತ್ತಿತ್ತು. ಗೋಡೆ ಮಾತ್ರ ಇನ್ನೂ ಹಾಗೇ ಇದೆ. ಕೌನ್ಸಿಲ್‌ನವರು ಬಂದು ನೋಡಿ ಹೋಗಿದ್ದಾರೆ, ಮಾಲೀಕರಿಗೆ ಪತ್ರ ಹೋಗಿದೆ.

ಬಿಲ್ಲಿನ ಬಗ್ಗೆ ಎರಡು ಮಾತು, ಯಾಕೆಂದರೆ ಲೈಬ್ರರಿಯಲ್ಲಿ ದಿನಾ ಇದೇ ಗೊಂದಲ ನೋಡುತ್ತೇನೆ. 2021ರ ಬೇಸಿಗೆಯಲ್ಲಿ ಸಾಧಾರಣ ಮನೆಯೊಂದರ ಗ್ಯಾಸ್, ಕರೆಂಟ್ ಸೇರಿ ವರ್ಷದ ಬಿಲ್ 1,138 ಪೌಂಡ್ ಅಂತ ಲೆಕ್ಕ ಇತ್ತು. ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸ್ ಬೆಲೆ ಹಾರಿದಾಗ ಸರ್ಕಾರ ಮಧ್ಯೆ ಬಂದು 2,500ಕ್ಕೆ ಹಿಡಿದು ನಿಲ್ಲಿಸಬೇಕಾಯಿತು. ಈಗ, 2025ರ ಅಕ್ಟೋಬರ್‌ನಲ್ಲಿ, 1,755. ಇಳಿಯಿತು ಅನ್ನುತ್ತಾರೆ. 2021ಕ್ಕೆ ಹೋಲಿಸಿ ನೋಡಿ. ಇನ್ನೊಂದು, ಪ್ರೈಸ್ ಕ್ಯಾಪ್ (ಬೆಲೆಯ ಮಿತಿ) 1,755 ಅಂದರೆ ನಿಮ್ಮ ಬಿಲ್ ಅದಕ್ಕಿಂತ ಮೇಲೆ ಹೋಗುವುದಿಲ್ಲ ಅಂತ ಅಲ್ಲ. ಮಿತಿ ಇರುವುದು ಒಂದು ಯೂನಿಟ್‌ನ ಬೆಲೆಗೆ. ಜಾಸ್ತಿ ಉರಿಸಿದರೆ ಜಾಸ್ತಿ ಬರುತ್ತದೆ.

ಪ್ಲಗ್ ಹೀಟರ್ ಅಗ್ಗ ಅಂತಲೂ ನಮ್ಮ ಹಿರಿಯರಲ್ಲಿ ಒಂದು ನಂಬಿಕೆ ಇದೆ. ಇಡೀ ಮನೆಗೆ ಯಾಕೆ, ಕೂತಿರುವ ಕೋಣೆಗೆ ಸಾಕು ಅಂತ. ಕರೆಂಟ್ ಒಂದು ಯೂನಿಟ್‌ಗೆ ಈ ಅಕ್ಟೋಬರ್ 2025ರಲ್ಲಿ 26 ಪೆನ್ಸ್ ಹತ್ತಿರ, ಗ್ಯಾಸ್ 6 ಪೆನ್ಸ್ ಚಿಲ್ಲರೆ. ಎರಡು ಕಿಲೋವ್ಯಾಟ್ ಹೀಟರ್ ಒಂದು ಗಂಟೆ ಉರಿದರೆ 50 ಪೆನ್ಸ್ ದಾಟುತ್ತದೆ. ಗ್ಯಾಸ್ ಬಾಯ್ಲರ್ ಇದ್ದರೆ ಬೇರೆ ಕೋಣೆಗಳ ರೇಡಿಯೇಟರ್ ತಿರುಗಣೆ ಸಣ್ಣಗೆ ಮಾಡಿ, ಕೂರುವ ಕೋಣೆಯದನ್ನು ಮಾತ್ರ ತೆರೆದಿಡಿ. ಸಾಮಾನ್ಯವಾಗಿ ಅದೇ ಉಳಿತಾಯ. ಆ 82 ವರ್ಷದ ಅಮ್ಮನ ಮನೆಯಲ್ಲಿ ಇದನ್ನು ತೋರಿಸಿಕೊಡಲು ಹತ್ತು ನಿಮಿಷ ಸಾಕಾಯಿತು. ಅವರ ಸಾಲುಮನೆಯ ಗೋಡೆ ನೂರು ವರ್ಷಕ್ಕೂ ಹಳೆಯದು, ನಡುವೆ ಖಾಲಿ ಜಾಗವಿಲ್ಲದ ಗಟ್ಟಿ ಇಟ್ಟಿಗೆ ಗೋಡೆ. ಎಷ್ಟು ಬಿಸಿ ಮಾಡಿದರೂ ಹೊರಗೆ ಹೋಗುತ್ತದೆ. ಅದನ್ನು ಸರಿ ಮಾಡುವುದು ನನ್ನ ಕೈಲಿ ಇಲ್ಲ.

ಸರ್ಕಾರಕ್ಕೆ ಹೇಳಬೇಕಾದದ್ದೂ ಇದೆ. ನೀವೂ ನಿಮ್ಮ ಸಂಸತ್ ಸದಸ್ಯರಿಗೆ ಬರೆಯಿರಿ. ಲಕ್ಷಗಟ್ಟಲೆ ಜನ ಕೇಳಿಯೇ ಇಲ್ಲದ ಒಂದು ನೆರವನ್ನು ಬಾಗಿಲು ಮಾಡಿ, ಅದನ್ನು ದಾಟಿ ಬಂದವರಿಗೆ ಮಾತ್ರ ಬೆಚ್ಚಗಿರುವ ದುಡ್ಡು ಅಂದದ್ದು ತಪ್ಪು. ಅದನ್ನು ಅವರೇ ತಿದ್ದಿಕೊಂಡರು, ಒಳ್ಳೆಯದಾಯಿತು. ಆದರೆ ಕರೆಂಟ್ ಬಿಲ್ಲಿನಲ್ಲಿ ಕಡಿತ ಕೊಡುವ ವಾರ್ಮ್ ಹೋಮ್ ಡಿಸ್ಕೌಂಟ್, ಕೋಲ್ಡ್ ವೆದರ್ ಪೇಮೆಂಟ್ ಎರಡಕ್ಕೂ ಬಾಗಿಲು ಇನ್ನೂ ಹಾಗೇ ಇದೆ. ಹಿರಿಯರ ಆದಾಯ ಎಷ್ಟು ಅಂತ ಸರ್ಕಾರಕ್ಕೆ ಗೊತ್ತಿದೆ. ಪಿಂಚಣಿ ಕೊಡುವುದೇ ಅವರು. 82 ವರ್ಷದ ಹೆಂಗಸು ಫೋನ್ ಮಾಡಿ ಮುಕ್ಕಾಲು ಗಂಟೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಅಗತ್ಯ ಏನಿದೆ? ಇನ್ನೊಂದು, ತಾಯಿ ತಂದೆಯ ವೀಸಾ ಯಾವುದೇ ಇರಲಿ, ಐದು ವರ್ಷದೊಳಗಿನ ಮಗು ಇರುವ ಮನೆ ಚಳಿಯಲ್ಲಿ ಇರಬಾರದು. ಅವರು ದುಡಿಯುತ್ತಿದ್ದಾರೆ, ತೆರಿಗೆ ಕಟ್ಟುತ್ತಿದ್ದಾರೆ. ಈ ದೇಶದ ಹಿರಿಯರನ್ನು ಬೆಚ್ಚಗೆ ಇಟ್ಟಿರುವ ಕೈಗಳು ಅವು. ಇದನ್ನು ನನ್ನ ಸಂಸತ್ ಸದಸ್ಯರಿಗೆ ಎರಡು ಸಲ ಬರೆದಿದ್ದೇನೆ. ಮೂರನೆಯದನ್ನೂ ಬರೆಯುತ್ತೇನೆ.

ಆದರೆ ಸಂಘಗಳವರೇ, ನಿಮ್ಮಲ್ಲಿ ನಾನು ಕೇಳುತ್ತಿರುವುದು ಚಿಕ್ಕದು. ಒಂದು ಮೇಜು.

ರಾಜ್ಯೋತ್ಸವದ ಹಾಲ್‌ನಲ್ಲಿ, ಚಪ್ಪಲಿ ಬಿಡುವ ಜಾಗದಿಂದ ಊಟದ ಸಾಲಿಗೆ ಹೋಗುವ ದಾರಿಯಲ್ಲಿ, ಒಂದು ಮೇಜು, ಎರಡು ಕುರ್ಚಿ. ಮೂಲೆಯಲ್ಲಿ ಬೇಡ, ಮೂಲೆಗೆ ಹೋಗುವವರನ್ನು ಎಲ್ಲರೂ ನೋಡುತ್ತಾರೆ. "ನೆರವು", "ಸಹಾಯ" ಅಂತ ಬೋರ್ಡ್ ಬೇಡ. "ಗ್ಯಾಸ್ ಬಿಲ್, ಕರೆಂಟ್ ಬಿಲ್ ಲೆಕ್ಕ" ಅಂತ ಬರೆಯಿರಿ. ಆಗ ದುಡ್ಡಿದ್ದವರೂ ಬರುತ್ತಾರೆ, ಅವರ ಜೊತೆ ಇಲ್ಲದವರೂ ಬರಬಹುದು. ಫಾರ್ಮ್ ತುಂಬಲು ಬರುವ ಒಬ್ಬರು ಅಲ್ಲಿ ಕೂರಲಿ. ನಿಮ್ಮ ಸಂಘಗಳಲ್ಲಿ ಅಕೌಂಟೆಂಟ್‌ಗಳಿದ್ದಾರೆ, ಕೌನ್ಸಿಲ್‌ನಲ್ಲಿ ಕೆಲಸ ಮಾಡುವವರಿದ್ದಾರೆ, ಸೋಷಿಯಲ್ ವರ್ಕರ್‌ಗಳಿದ್ದಾರೆ. ಅವರಿಗೆ ವೇದಿಕೆ ಮೇಲೆ ಶಾಲು ಹೊದಿಸುತ್ತೀರಲ್ಲ, ಈ ಸಲ ಒಂದು ಗಂಟೆ ಕುರ್ಚಿ ಕೊಡಿ.

ಅಲ್ಲಿ ಕೂರುವವರು ಏನು ಕೇಳಬೇಕು ಅನ್ನುವುದೂ ದೊಡ್ಡದಲ್ಲ. ಪಿಂಚಣಿ ವಯಸ್ಸಾಗಿದೆಯಾ, ವಾರಕ್ಕೆ ಎಷ್ಟು ಬರುತ್ತದೆ? 2025-26ನೇ ಸಾಲಿಗೆ ಪೆನ್ಷನ್ ಕ್ರೆಡಿಟ್ ಗೆರೆ ಒಬ್ಬರಿಗೆ 227.10 ಪೌಂಡ್, ಗಂಡ ಹೆಂಡತಿಗೆ 346.60. ಅದಕ್ಕಿಂತ ಸ್ವಲ್ಪ ಮೇಲಿದ್ದರೂ ಅಂಗವೈಕಲ್ಯ ಇದ್ದರೆ, ಯಾರನ್ನಾದರೂ ನೋಡಿಕೊಳ್ಳುತ್ತಿದ್ದರೆ ಸಿಗಬಹುದು, ಆದ್ದರಿಂದ ಅರ್ಜಿ ಹಾಕಿಯೇ ನೋಡಬೇಕು. ಒಂದು ಪೌಂಡ್ ಪೆನ್ಷನ್ ಕ್ರೆಡಿಟ್ ಬಂದರೂ ಅದರ ಹಿಂದೆ ಉಳಿದವು ಬರುತ್ತವೆ. ವಾರ್ಮ್ ಹೋಮ್ ಡಿಸ್ಕೌಂಟ್ ಅಂತ ಕರೆಂಟ್ ಬಿಲ್ಲಿನಲ್ಲಿ 150 ಪೌಂಡ್ ಕಡಿತ, ಕೋಲ್ಡ್ ವೆದರ್ ಪೇಮೆಂಟ್, 75 ದಾಟಿದವರಿಗೆ ಟಿವಿ ಲೈಸೆನ್ಸ್ ಬಿಟ್ಟಿ, ಕೌನ್ಸಿಲ್ ಟ್ಯಾಕ್ಸ್‌ನಲ್ಲೂ ರಿಯಾಯಿತಿ. ಆ 150 ಪೌಂಡ್ ಈ ಚಳಿಗಾಲದಿಂದ ಯೂನಿವರ್ಸಲ್ ಕ್ರೆಡಿಟ್‌ನಂಥ ನೆರವು ಪಡೆಯುವ ಇನ್ನೂ ಎಷ್ಟೋ ಮನೆಗಳಿಗೆ ಸಿಗುತ್ತಿದೆ. ಮೊದಲು "ನಿಮ್ಮ ಮನೆಗೆ ಬರಲ್ಲ" ಅಂದಿದ್ದರೆ ಮತ್ತೆ ಕೇಳಿ. ಇಂಗ್ಲಿಷ್‌ನಲ್ಲಿ ಫೋನ್‌ನಲ್ಲಿ ಮಾತಾಡಲು ಕಷ್ಟ ಅನ್ನುವ ಹಿರಿಯರಿದ್ದರೆ ಪಕ್ಕದಲ್ಲಿ ಕೂತು ನೀವು ಮಾತಾಡಿ. ಅವರು "ಹೌದು, ಇವರು ನನ್ನ ಪರವಾಗಿ ಮಾತಾಡಬಹುದು" ಅಂತ ಒಂದು ಮಾತು ಹೇಳಿದರೆ ಸಾಕು.

ಇನ್ನೊಂದು ಎಚ್ಚರಿಕೆ. ವಿಂಟರ್ ಫ್ಯೂಯಲ್ ಪೇಮೆಂಟ್ ಪಡೆಯಲು ಈ ಲಿಂಕ್ ಒತ್ತಿ ಅಂತ ಫೋನಿಗೆ ಮೆಸೇಜ್‌ಗಳು ಬರುತ್ತಿವೆ. ಎಲ್ಲ ಮೋಸ. ಆ ದುಡ್ಡು ಬಹುತೇಕ ಎಲ್ಲರಿಗೂ ತಾನಾಗಿಯೇ ಖಾತೆಗೆ ಬರುತ್ತದೆ. ನಿಮ್ಮ ಅಪ್ಪ ಅಮ್ಮಂದಿರಿಗೆ ಇವತ್ತೇ ಹೇಳಿ.

ಬೇರೆ ದೇಶದಲ್ಲೋ, ಬೆಂಗಳೂರಿನಲ್ಲೋ ಕೂತು ಇಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡುವ ಮಕ್ಕಳೂ ಇದನ್ನು ಓದಬಹುದು. ಊಟ ಆಯ್ತಾ ಅಂತ ಕೇಳುತ್ತೀರಿ. ಆಯ್ತು ಅನ್ನುತ್ತಾರೆ. ಚಳಿ ಇದೆಯಾ ಅಂದರೆ ಇಲ್ಲ ಅನ್ನುತ್ತಾರೆ. ಥರ್ಮೋಸ್ಟಾಟ್ ಹತ್ತಿರ ಹೋಗಿ ನಂಬರ್ ಓದಿ ಹೇಳಮ್ಮ ಅನ್ನಿ. ಮನೆಯಲ್ಲಿ ಮೊಸರು ಆಯ್ತಾ ಅಂತ ಕೇಳಿ. ಹೇಳದೆ, ಬೇರೆ ಹೊತ್ತಿನಲ್ಲಿ ಒಂದು ಸಲ ಫೋನ್ ಮಾಡಿ.

ಆ ಅಮ್ಮನಿಗೆ ಮಾರ್ಚ್‌ನಲ್ಲಿ ಪೆನ್ಷನ್ ಕ್ರೆಡಿಟ್ ಪತ್ರ ಬಂತು. ಮೂರು ತಿಂಗಳ ಹಿಂದಿನದೂ ಸೇರಿ ಬಂತು. ಮಗನಿಗೂ ಕೊನೆಗೆ ಹೇಳಿದರು. ಅವನು ಫೋನ್‌ನಲ್ಲಿ ಬಹಳ ಹೊತ್ತು ಮಾತಾಡಲಿಲ್ಲವಂತೆ. ಮೊನ್ನೆ ದೀಪಾವಳಿಗೆ ಅವರ ಮನೆಗೆ ಹೋದಾಗ ಥರ್ಮೋಸ್ಟಾಟ್ 18 ತೋರಿಸುತ್ತಿತ್ತು. ಕೋಟು ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು.

ಶನಿವಾರ ಬೆಳಿಗ್ಗೆ ಹತ್ತರಿಂದ ನಮ್ಮ ಊರಿನ ಕಾರ್ಯಕ್ರಮದಲ್ಲಿ ಬಾಗಿಲ ಪಕ್ಕದ ಮೇಜಿನ ಹತ್ತಿರ ನಾನಿರುತ್ತೇನೆ. ಬರುವವರು ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಬ್ಯಾಂಕ್ ವಿವರ, ಕೊನೆಯ ಗ್ಯಾಸ್ ಬಿಲ್ ತನ್ನಿ. ಬಿಲ್ ಸಿಗದಿದ್ದರೂ ಪರವಾಗಿಲ್ಲ, ಬನ್ನಿ. ಆ ಅಮ್ಮನೂ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ ಅಂದಿದ್ದಾರೆ. ಮೇಜಿಗೆ ಬಂದವರಿಗೆ ಕೊಡಲು ಮೊಸರನ್ನ ಮಾಡಿಕೊಂಡು ಬರುತ್ತಾರಂತೆ.

ಇಂತಿ ನಿಮ್ಮವಳು,
ಲೆಸ್ಟರ್‌ನ ಒಬ್ಬ ಕನ್ನಡತಿ